ಕಾನೂನು ವಿದ್ಯಾರ್ಥಿಗಳ ನೇಮಕಾತಿ ನ್ಯಾಯವಾಗಿ ನಡೆಯಲು: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಮಿಸ್ಟರ್ ಪರೀಕ್ಷೆ ಮುಗಿದ ವಾರದಲ್ಲಿ ನನ್ನ ಫೋನಿಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಥರ. ಒಂದು ಕಡೆ ವಿದ್ಯಾರ್ಥಿಗಳು: "ಮೇಡಂ, ಇಂಟರ್ನ್‌ಶಿಪ್ ಸಿಗುತ್ತಾ?" ಇನ್ನೊಂದು ಕಡೆ ವಕೀಲ ಮಿತ್ರರು: "ಒಳ್ಳೆ ಜೂನಿಯರ್ ಯಾರಾದ್ರೂ ಇದ್ರೆ ಹೇಳ್ರೀ." ಇವರಿಗೆ ಅವರು ಬೇಕು, ಅವರಿಗೆ ಇವರು ಬೇಕು. ಆದರೂ ಸೇರಿ ಮೂರು ತಿಂಗಳಾಗುವಷ್ಟರಲ್ಲಿ ಮನಸ್ತಾಪ. ನಾನು ಕಂಡಂತೆ ಅದರ ಮೂಲ ಬಹುಪಾಲು ಒಂದೇ: ಮೊದಲೇ ಹೇಳಬೇಕಾದ್ದನ್ನು ಯಾರೂ ಹೇಳಿರುವುದಿಲ್ಲ, ಬರೆದಂತೂ ಕೊಟ್ಟಿರುವುದಿಲ್ಲ. ಹಗಲೆಲ್ಲ ಬೇರೆಯವರ ಕರಾರುಪತ್ರ ತಿದ್ದುವ ನಾವು ನಮ್ಮ ಜೂನಿಯರ್‌ಗೆ ಒಂದು ಹಾಳೆ ಬರೆದುಕೊಡುವುದಿಲ್ಲ. ಇಲ್ಲಿರುವ ಉತ್ತರಗಳು ಕರ್ನಾಟಕದ ಕಾನೂನು ವಿದ್ಯಾರ್ಥಿಗಳಿಗೆ, ಹೊಸದಾಗಿ ಸನ್ನದು (ವಕೀಲಿಕೆ ನಡೆಸುವ ಪರವಾನಗಿ) ಪಡೆದವರಿಗೆ, ಅವರನ್ನು ತೆಗೆದುಕೊಳ್ಳುವ ಸೀನಿಯರ್‌ಗಳಿಗೆ ಮತ್ತು ಲಾ ಫರ್ಮ್‌ಗಳಿಗೆ.

ಇಂಟರ್ನ್‌ಶಿಪ್ ಎಷ್ಟು ವಾರ ಮಾಡಲೇಬೇಕು?

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ. ಯಾವ ವರ್ಷವೇ ಆಗಲಿ, ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ. ಕೋರ್ಸು ಮುಗಿಯುವುದರೊಳಗೆ ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಕೆಲಸ ಮಾಡಿರಬೇಕು.

"ಆರು ತಿಂಗಳು ಬಿಡದೆ ಬರಬೇಕು, ಆಮೇಲೆ ನೋಡೋಣ" ಎನ್ನುವ ಆಫೀಸುಗಳಿವೆ. ತರಗತಿ ನಡೆಯುವಾಗ ಹಾಗೆ ಹೋದರೆ ಹಾಜರಾತಿ ಹೋಗುತ್ತದೆ, ಮತ್ತು ಆ ಆರು ತಿಂಗಳು ಪೂರ್ತಿಯಾಗಿ ಲೆಕ್ಕಕ್ಕೂ ಬರುವುದಿಲ್ಲ. ವಿದ್ಯಾರ್ಥಿ ಕ್ಲಾಸು ಬಿಟ್ಟು ಬಂದಿದ್ದಾನೆಂದು ಗೊತ್ತಿದ್ದೂ ಕರೆಸಿಕೊಳ್ಳುವುದು ಸೀನಿಯರ್‌ಗೆ ಸಲ್ಲದ ಕೆಲಸ.

ಇಂಟರ್ನ್‌ಗೆ ದುಡ್ಡು ಕೊಡಲೇಬೇಕೆಂಬ ಕಾನೂನು ಇದೆಯೇ?

ಕಾನೂನು ವಿದ್ಯಾರ್ಥಿಯ ಕಡ್ಡಾಯ ಇಂಟರ್ನ್‌ಶಿಪ್‌ಗೆ ಇಷ್ಟು ಕೊಡಿ ಎಂದು ಆ ನಿಯಮಗಳು ಹೇಳುವುದಿಲ್ಲ. ಆದರೆ ಬಸ್ ಚಾರ್ಜು, ಊಟ, ಜೆರಾಕ್ಸ್ ಖರ್ಚನ್ನು ವಿದ್ಯಾರ್ಥಿಯ ಜೇಬಿನಿಂದ ಹಾಕಿಸುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ. ನಾನು ಪಾಲಿಸುವ ಗೆರೆ ಸರಳ. ವಿದ್ಯಾರ್ಥಿ ನೋಡಿ ಕಲಿಯುತ್ತಿದ್ದರೆ ಖರ್ಚು ಭರಿಸುತ್ತೇನೆ. ಅವರು ಮಾಡಿದ ಸಂಶೋಧನೆ ಅಥವಾ ಕರಡಿಗೆ ನಾನು ಕಕ್ಷಿದಾರರಿಂದ ಫೀಸು ತೆಗೆದುಕೊಂಡರೆ ಅದರಲ್ಲಿ ಅವರಿಗೂ ಪಾಲು.

ಇಂಟರ್ನ್‌ಶಿಪ್ ಕೊಡಿಸುತ್ತೇವೆಂದು ದುಡ್ಡು ಕೇಳುತ್ತಾರೆ. ಕೊಡಬಹುದೇ?

ಬೇಡ. ನೋಂದಣಿ ಶುಲ್ಕ, ಸರ್ಟಿಫಿಕೇಟ್ ಶುಲ್ಕ, ತರಬೇತಿ ಕಿಟ್, ಹೆಸರು ಯಾವುದಿದ್ದರೂ ಕೆಲಸ ಮಾಡಲು ಹೋಗುವವರು ದುಡ್ಡು ಕೊಟ್ಟು ಹೋಗುವಂತಿಲ್ಲ. ಹೋಗದೆಯೇ ಸರ್ಟಿಫಿಕೇಟ್ ತರಿಸಿಕೊಳ್ಳುವುದೂ ಇದೆ. ಅದು ಸುಳ್ಳು ದಾಖಲೆ. ನಾಳೆ ಸಂದರ್ಶನದಲ್ಲಿ "ಅಲ್ಲಿ ಯಾವ ಕೇಸು ನೋಡಿದಿರಿ, ಯಾವ ಹಂತದಲ್ಲಿತ್ತು?" ಎಂದು ಕೇಳಿದರೆ ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ.

ನನ್ನ ಮನೆಯಲ್ಲಿ ಯಾರೂ ವಕೀಲರಿಲ್ಲ, ಯಾರ ಪರಿಚಯವೂ ಇಲ್ಲ. ನನ್ನನ್ನು ಯಾರು ತೆಗೆದುಕೊಳ್ಳುತ್ತಾರೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ನೋಯಿಸುವುದೂ ಇದೇ. ನಮ್ಮ ವೃತ್ತಿಯಲ್ಲಿ ಬಾಗಿಲು ತೆರೆಯುವುದು ಹೆಚ್ಚಾಗಿ ಮಾವ, ಚಿಕ್ಕಪ್ಪ, ಅಪ್ಪನ ಸ್ನೇಹಿತರ ಫೋನಿನಿಂದ. ವಿದ್ಯಾರ್ಥಿಯಾಗಿ ನೀವು ಮಾಡಬಹುದಾದ್ದು ಇಷ್ಟು: ಐವತ್ತು ಜನಕ್ಕೆ ಒಂದೇ ಪತ್ರ ಕಳಿಸುವ ಬದಲು ಐದು ಜನಕ್ಕೆ ಬೇರೆ ಬೇರೆ ಪತ್ರ ಬರೆಯಿರಿ. ಅವರು ಯಾವ ಬಗೆಯ ಕೇಸು ನಡೆಸುತ್ತಾರೆ, ಅದರಲ್ಲಿ ನಿಮಗೆ ಏನು ಗೊತ್ತು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲಿರಿ ಎಂಬುದು ಅರ್ಧ ಪುಟದಲ್ಲಿರಲಿ. ಹಳ್ಳಿಗಾಡಿನ, ಬಡ ಕುಟುಂಬದ ಮಕ್ಕಳು ಕಾನೂನು ಶಾಲೆಗಳನ್ನು ಮುಟ್ಟಬೇಕೆಂದು ಪ್ರೊ. ಶಾಮ್ನಾದ್ ಬಷೀರ್ 2010ರಲ್ಲಿ ಐಡಿಯಾ ಸಂಸ್ಥೆ ಕಟ್ಟಿದರು. ಆದರೆ ಕಾಲೇಜಿನೊಳಗೆ ಬಂದ ಮೇಲೆ ಆಫೀಸಿನ ಬಾಗಿಲು ತೆರೆಯುವ ಹೊಣೆ ಆಫೀಸಿನವರದ್ದೇ.

ಹಾಗಾಗಿ ಈ ಮಾತು ಸೀನಿಯರ್‌ಗಳಿಗೆ. ಎರಡು ವರ್ಷದ ಹಿಂದೆ ಒಂದೇ ದಿನ ಇಬ್ಬರು ವಿದ್ಯಾರ್ಥಿಗಳು ನನ್ನ ಆಫೀಸಿಗೆ ಬಂದರು. ಒಬ್ಬನ ಇಂಗ್ಲಿಷ್ ನಿರರ್ಗಳ, ಓದಿದ್ದು ಹೆಸರಾಂತ ಕಾಲೇಜಿನಲ್ಲಿ. ಇನ್ನೊಬ್ಬಳು ತಾಲ್ಲೂಕು ಊರಿನಿಂದ ಬಂದವಳು, ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದವಳು. ಮಾತಾಡುವಾಗ ಕೈ ನಡುಗುತ್ತಿತ್ತು. ಇಬ್ಬರಿಗೂ ಒಂದೇ ಕಡತ ಕೊಟ್ಟೆ: ಅರವತ್ತರ ದಶಕದ ಕೈಬರಹದ ಕ್ರಯಪತ್ರದ ನಕಲು, ಮ್ಯುಟೇಶನ್ ಪ್ರತಿ, ಪಹಣಿ. "ಒಂದು ಗಂಟೆ ಸಮಯ. ಈ ಜಮೀನಿನ ಹಕ್ಕು ಎಲ್ಲಿ ತೊಡಕಾಗಿದೆ, ಬರೆದು ಕೊಡಿ" ಅಂದೆ. ಪೋಡಿ, ಅಂದರೆ ಜಮೀನಿನ ಅಳತೆ ಮಾಡಿ ಭಾಗ ಮಾಡುವುದು, ಆದ ಮೇಲೆ ಹಿಸ್ಸಾ (ಭಾಗದ) ನಂಬರು ಬದಲಾಗಿತ್ತು, ಆದರೆ ನಂತರದ ಪತ್ರದಲ್ಲಿ ಹಳೆಯ ನಂಬರೇ ಉಳಿದಿತ್ತು. ಅದನ್ನು ಅವಳು ಪೂರ್ವ ದಿಕ್ಕಿನ ಚಕ್ಕುಬಂದಿಯಿಂದ (ಗಡಿಯ ವಿವರದಿಂದ) ಹಿಡಿದಳು. "ಇಲ್ಲಿ ಹಳ್ಳ ಅಂತಿದೆ, ಅಲ್ಲಿ ಇನ್ನೊಬ್ಬರ ಹೊಲ ಅಂತಿದೆ ಮೇಡಂ, ಎರಡೂ ಒಂದೇ ಜಮೀನು ಆಗಕ್ಕಿಲ್ಲ." ಮೊದಲ ಹತ್ತು ನಿಮಿಷದ ಮಾತುಕತೆಯಲ್ಲೇ ತೀರ್ಮಾನ ಮಾಡಿದ್ದರೆ ಅವಳನ್ನು ನಾನು ವಾಪಸ್ ಕಳಿಸಿರುತ್ತಿದ್ದೆ. ಅದನ್ನು ನೆನೆದರೆ ಈಗಲೂ ಕಸಿವಿಸಿ.

ಅಂದಿನಿಂದ ಮೂರು ಪದ್ಧತಿ ಇಟ್ಟುಕೊಂಡಿದ್ದೇನೆ. ಜಾಗ ಖಾಲಿಯಿದ್ದರೆ ಎಲ್ಲರಿಗೂ ಕಾಣುವಂತೆ ತಿಳಿಸುತ್ತೇನೆ, ಒಂದು ಕಾಲೇಜಿನ ವಾಟ್ಸಾಪ್ ಗುಂಪಿಗೆ ಮಾತ್ರ ಅಲ್ಲ. ಯಾರೇ ಫೋನ್ ಮಾಡಿ ಶಿಫಾರಸು ಮಾಡಿದರೂ ಅಭ್ಯರ್ಥಿ ಅದೇ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ನಮ್ಮ ಆಫೀಸಿನಲ್ಲಿ ನಿಜವಾಗಿ ನಡೆಯುವ ಕೆಲಸದ್ದೇ ಆಗಿರಬೇಕು. ಸುಪ್ರೀಂ ಕೋರ್ಟು ತನ್ನ ಲಾ ಕ್ಲರ್ಕ್‌ಗಳನ್ನು (ನ್ಯಾಯಮೂರ್ತಿಗಳಿಗೆ ಸಂಶೋಧನೆಯಲ್ಲಿ ನೆರವಾಗುವವರನ್ನು) ಬಹಿರಂಗ ಪ್ರಕಟಣೆ, ಲಿಖಿತ ಪರೀಕ್ಷೆ, ಸಂದರ್ಶನದ ಮೂಲಕ ಆರಿಸುತ್ತಿದೆ. ಒಂದು ಗಂಟೆಯ ಪರೀಕ್ಷೆ ನಮ್ಮಂಥ ಸಣ್ಣ ಆಫೀಸಿಗೂ ಭಾರವಲ್ಲ.

ಪರೀಕ್ಷೆ ಹೆಸರಿನಲ್ಲಿ ನಿಜವಾದ ಕೇಸಿನ ಕೆಲಸ ಮಾಡಿಸಿಕೊಳ್ಳುತ್ತಾರಲ್ಲ?

ಹೌದು, ನಡೆಯುತ್ತದೆ. ಹತ್ತು ಅಭ್ಯರ್ಥಿಗಳಿಗೆ ಹತ್ತು ಪ್ರಶ್ನೆ ಹಂಚಿ, ಬಂದ ಟಿಪ್ಪಣಿಗಳನ್ನು ಸೇರಿಸಿ ವಾದದ ಸಾರಾಂಶ ಮಾಡಿಕೊಂಡು, ಕೊನೆಗೆ ಯಾರನ್ನೂ ತೆಗೆದುಕೊಳ್ಳದೆ ಇರುವುದು. ಮುಗಿದುಹೋದ ಕೇಸಿನ ಕಡತವನ್ನು ಹೆಸರು ಅಳಿಸಿ ಕೊಟ್ಟರೆ ಈ ಅನುಮಾನವೇ ಬರುವುದಿಲ್ಲ, ಕಕ್ಷಿದಾರರ ಗೋಪ್ಯತೆಯೂ ಉಳಿಯುತ್ತದೆ. ಎರಡು ಗಂಟೆಗಿಂತ ಹೆಚ್ಚಿನ ಕೆಲಸ ಕೇಳಿದರೆ "ಇದಕ್ಕೆ ಸಂಭಾವನೆ ಇದೆಯೇ?" ಎಂದು ವಿದ್ಯಾರ್ಥಿ ಕೇಳುವುದು ಉದ್ಧಟತನವಲ್ಲ.

ಸಂದರ್ಶನದಲ್ಲಿ ಮದುವೆ, ಜಾತಿ, ಊರು ಕೇಳಬಹುದೇ?

ಕೇಳಬಾರದು. "ಮದುವೆ ಯಾವಾಗ? ಆದ್ಮೇಲೆ ಕೆಲಸ ಬಿಡ್ತೀಯಾ ಹೇಗೆ?" ಎಂಬುದು ಹೆಣ್ಣುಮಕ್ಕಳಿಗೆ ಮಾತ್ರ ಕೇಳುವ ಪ್ರಶ್ನೆ, ಅದರಲ್ಲೇ ಅದರ ತಪ್ಪೂ ಇದೆ. "ನಿಮ್ಮ ಕಡೆಯವರು ಯಾರು, ಯಾವ ಪೈಕಿ?" ಎಂದು ಸುತ್ತಿ ಬಳಸಿ ಕೇಳುವುದು ಜಾತಿ ಕೇಳಿದ ಹಾಗೆಯೇ.

ಕಾನೂನಿನ ಸ್ಥಿತಿ ಮಾತ್ರ ತುಂಡುತುಂಡಾಗಿದೆ. ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುವ ಸಂವಿಧಾನದ 16ನೇ ವಿಧಿ ಸರ್ಕಾರಿ ನೇಮಕಾತಿಗೆ ಅನ್ವಯಿಸುತ್ತದೆ, ಖಾಸಗಿ ಫರ್ಮಿಗಲ್ಲ. ನೇಮಕಾತಿಯಲ್ಲಿ ಲಿಂಗ ತಾರತಮ್ಯ ಕೂಡದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, ಅದೇ ತತ್ವ 2019ರ ವೇತನ ಸಂಹಿತೆಯಲ್ಲೂ ಇದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಮತ್ತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸಂಸ್ಥೆಗಳನ್ನೂ ಮುಟ್ಟುತ್ತವೆ. ಆದರೆ ಖಾಸಗಿ ನೇಮಕಾತಿಯಲ್ಲಿ ಜಾತಿ, ಧರ್ಮ, ಭಾಷೆ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಸಮಗ್ರ ತಾರತಮ್ಯ ವಿರೋಧಿ ಕಾಯ್ದೆ ನಮ್ಮಲ್ಲಿಲ್ಲ. ಕಾಯ್ದೆಯಿಲ್ಲದ ಕಡೆ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕೇಳುವುದು ಒಳ್ಳೆಯ ದಾರಿ.

ಅಂಗವಿಕಲ ಅಭ್ಯರ್ಥಿಗೆ ಏನು ಅನುಕೂಲ ಮಾಡಬೇಕು?

ಅವರನ್ನೇ ಕೇಳಿ. ಲಿಫ್ಟಿಲ್ಲದ ಮೂರನೇ ಮಹಡಿಯ ಚೇಂಬರ್ ಆಗಿದ್ದರೆ ಸಂದರ್ಶನ ಕೆಳಗೆ ನಡೆಸಿ. ದೃಷ್ಟಿದೋಷ ಇರುವವರಿಗೆ ಕಡತವನ್ನು ಬರೀ ಫೋಟೊ ತೆಗೆದ ಪಿಡಿಎಫ್ ಆಗಿ ಕೊಟ್ಟರೆ ಸ್ಕ್ರೀನ್ ರೀಡರ್ ಓದುವುದಿಲ್ಲ, ಅಕ್ಷರ ಗುರುತಿಸುವ ಹಾಗೆ ಮಾಡಿ ಕಳಿಸಿ.

ವಿದ್ಯಾರ್ಥಿಯನ್ನು ಕೋರ್ಟಿನಲ್ಲಿ ನಿಲ್ಲಿಸಿ ಪಾಸೋವರ್ (ಕೇಸನ್ನು ಸ್ವಲ್ಪ ಹೊತ್ತಿನ ಮೇಲೆ ಕರೆಯಿರಿ ಎಂದು) ಕೇಳಿಸಬಹುದೇ?

ಇಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ಸನ್ನದು ಇರುವವರಿಗೆ ಮಾತ್ರ ವಕಾಲತ್ತಿನ ಹಕ್ಕು. ಹಕ್ಕಿಲ್ಲದೆ ವಕೀಲಿಕೆ ನಡೆಸಿದರೆ 45ನೇ ಕಲಂ ಆರು ತಿಂಗಳವರೆಗೆ ಸೆರೆವಾಸ ಹೇಳುತ್ತದೆ. ಸೀನಿಯರ್ ಇನ್ನೊಂದು ಹಾಲ್‌ನಲ್ಲಿ ಸಿಕ್ಕಿಕೊಂಡಿದ್ದಾರೆಂದು ಎರಡನೇ ವರ್ಷದ ಹುಡುಗನನ್ನು "ಹೋಗಿ ಒಂದು ಡೇಟ್ ತಗೊಂಡು ಬಾ" ಎಂದು ಕಳಿಸುವುದು, ನ್ಯಾಯಾಧೀಶರು "ಎನ್‌ರೋಲ್‌ಮೆಂಟ್ ನಂಬರ್ ಎಷ್ಟು?" ಎಂದಾಗ ಅವನು ಬೆವರುವುದು ನಾನೇ ಕಂಡ ದೃಶ್ಯ. ಬೈಸಿಕೊಂಡವನು ಹುಡುಗ. ಆರ್ಡರ್ ಶೀಟ್ ಬರೆದುಕೊಳ್ಳುವುದು, ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ನೋಡುವುದು, ಆಫೀಸ್ ಆಬ್ಜೆಕ್ಷನ್ (ಕೋರ್ಟ್ ಕಚೇರಿ ಎತ್ತಿದ ಆಕ್ಷೇಪ) ಏನೆಂದು ವಿಚಾರಿಸುವುದು, ಇವೆಲ್ಲ ಅವನು ಧಾರಾಳವಾಗಿ ಕಲಿಯಲಿ.

ಕ್ಯಾಂಪಸ್ ನೇಮಕಾತಿಯಲ್ಲಿ "ಇವತ್ತು ಸಂಜೆಯೊಳಗೆ ಹೇಳಿ" ಎನ್ನುತ್ತಾರೆ. ಏನು ಮಾಡಲಿ?

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ದೊಡ್ಡ ಫರ್ಮ್‌ಗಳು 'ಡೇ ಝೀರೊ', ಅಂದರೆ ಕ್ಯಾಂಪಸ್ ನೇಮಕಾತಿ ಶುರುವಾಗುವ ದಿನವೇ ಬಂದು, ಸಂದರ್ಶನ ನಡೆಸಿ, ಅಂದೇ ಆಫರ್ ಕೊಟ್ಟು ಹೋಗುತ್ತವೆ. ಅಲ್ಲಿ ವಿದ್ಯಾರ್ಥಿಗಳ ಸಮಿತಿಯೇ ನಿಯಮ ಮಾಡುತ್ತದೆ, ಮೊದಲ ಆಫರ್ ಸಿಕ್ಕವರು ಸಾಲಿನಿಂದ ಹೊರಬರಬೇಕು ಇತ್ಯಾದಿ. ಆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿದ್ದರೆ ನನ್ನ ತಕರಾರಿಲ್ಲ. ಇಕ್ಕಟ್ಟಾಗುವುದು ಸಮಿತಿಯೇ ಇಲ್ಲದ ಕಾಲೇಜುಗಳಲ್ಲಿ. ಅಮೆರಿಕದಲ್ಲಿ ಕಾನೂನು ಕಾಲೇಜುಗಳೂ ಫರ್ಮ್‌ಗಳೂ ಸೇರಿ 1971ರಿಂದಲೇ ನ್ಯಾಲ್ಪ್ ಎಂಬ ಒಕ್ಕೂಟ ಕಟ್ಟಿಕೊಂಡು ನ್ಯಾಯವಾದ ನೇಮಕಾತಿಯ ತತ್ವಗಳನ್ನು ಹೇಳುತ್ತ ಬಂದಿವೆ. ನಮ್ಮಲ್ಲಿ ಇಡೀ ದೇಶಕ್ಕೆ ಒಪ್ಪಿತವಾದ ಅಂಥ ಕಟ್ಟಳೆಯಿಲ್ಲ.

ನನ್ನ ಅಭಿಪ್ರಾಯ: ಕನಿಷ್ಠ ಒಂದು ವಾರ ಕೊಡಬೇಕು. ಹೊರಗಿನ ಊರಿಗೆ ಹೋಗಬೇಕಾದ ಕೆಲಸವಾದರೆ ಎರಡು ವಾರ. ಮನೆಯವರೊಡನೆ ಮಾತಾಡದೆ, ಬಾಡಿಗೆ ಎಷ್ಟೆಂದು ವಿಚಾರಿಸದೆ ಇಪ್ಪತ್ಮೂರು ವರ್ಷದವರು ಹೂಂ ಎನ್ನಲು ಆಗದು. ಕಾಲ ಬೇಕಿದ್ದರೆ ವಿದ್ಯಾರ್ಥಿ ಸಂಜೆಯೊಳಗೆ ಮೇಲ್ ಮಾಡಲಿ: "ಆಫರ್‌ಗೆ ಧನ್ಯವಾದ, ಇಂಥ ತಾರೀಖಿನೊಳಗೆ ಖಚಿತವಾಗಿ ತಿಳಿಸುತ್ತೇನೆ." ಆ ತಾರೀಖು ಮೀರಬಾರದು.

ಒಪ್ಪಿಕೊಂಡ ಮೇಲೆ ಇನ್ನೂ ಒಳ್ಳೆ ಆಫರ್ ಬಂದರೆ?

ಒಪ್ಪಿಕೊಂಡಿದ್ದು ಒಪ್ಪಿಕೊಂಡ ಹಾಗೆ. ಅನಾರೋಗ್ಯ, ಮನೆಯ ಪರಿಸ್ಥಿತಿಯಂಥ ಕಾರಣಕ್ಕೆ ಬಿಡಲೇಬೇಕಾದರೆ ಗೊತ್ತಾದ ದಿನವೇ ಫೋನ್ ಮಾಡಿ ಹೇಳಿ. ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡಿಕೊಂಡರೆ ಮುಂದಿನ ವರ್ಷ ಅದೇ ಕಾಲೇಜಿನ ಜೂನಿಯರ್‌ಗಳು ಅದರ ಬೆಲೆ ತೆರುತ್ತಾರೆ. ಫರ್ಮ್‌ಗೂ ಇದೇ ಮಾತು. ಕೊಟ್ಟ ಆಫರ್ ಹಿಂತೆಗೆದುಕೊಂಡರೆ ಕಾರಣ ಬರೆದು ತಿಳಿಸಬೇಕು. ಅದನ್ನು ನಂಬಿ ಬೇರೆ ಆಫರ್ ಬಿಟ್ಟವರಿಗೆ ಒಂದೆರಡು ತಿಂಗಳ ಮೊತ್ತವನ್ನಾದರೂ ಕೊಡುವುದು ಧರ್ಮ.

ಜೂನಿಯರ್‌ಗೆ ತಿಂಗಳಿಗೆ ಎಷ್ಟು ಕೊಡಬೇಕು?

2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ತಮಿಳುನಾಡು ಮತ್ತು ಪುದುಚೇರಿಯ ಕಿರಿಯ ವಕೀಲರಿಗೆ ತಿಂಗಳಿಗೆ ₹15,000ದಿಂದ ₹20,000 ಕೊಡುವಂತೆ ಸುತ್ತೋಲೆ ಹೊರಡಿಸಲು ಅಲ್ಲಿನ ವಕೀಲರ ಪರಿಷತ್ತಿಗೆ ಹೇಳಿತು. ಅದೇ ವರ್ಷ ಅಕ್ಟೋಬರ್ 15ರಂದು ಭಾರತೀಯ ವಕೀಲರ ಪರಿಷತ್ತು ಇಡೀ ದೇಶಕ್ಕೆ ಸುತ್ತೋಲೆ ಕಳಿಸಿತು: ನಗರಗಳಲ್ಲಿ ಕನಿಷ್ಠ ₹20,000, ಗ್ರಾಮೀಣ ಪ್ರದೇಶದಲ್ಲಿ ಕನಿಷ್ಠ ₹15,000, ಕನಿಷ್ಠ ಮೂರು ವರ್ಷದವರೆಗೆ. ನೇಮಕದ ಪತ್ರ ಕೊಡಬೇಕೆಂದೂ ಅದರಲ್ಲಿದೆ. ಅದು ಶಿಫಾರಸು, ಕಡ್ಡಾಯವಲ್ಲ. ಹಾಗಾಗಿಯೇ ಎಷ್ಟೋ ಆಫೀಸುಗಳಲ್ಲಿ ಅದರ ಮಾತೇ ಎತ್ತುವುದಿಲ್ಲ.

ನಾನು ಮೊದಲು ಸೇರಿದ ಆಫೀಸಿನಲ್ಲಿ ಹನ್ನೊಂದು ತಿಂಗಳು ಒಂದು ರೂಪಾಯಿ ಸಿಗಲಿಲ್ಲ. ಸಿಟಿ ಸಿವಿಲ್ ಕೋರ್ಟಿನಿಂದ ಹೈಕೋರ್ಟಿಗೆ ಆಟೊ ದುಡ್ಡು ಉಳಿಸಲು ಫೈಲು ಹೊತ್ತುಕೊಂಡು ಮಧ್ಯಾಹ್ನದ ಬಿಸಿಲಲ್ಲಿ ನಡೆಯುತ್ತಿದ್ದೆ. ಪಿಜಿ ಬಾಡಿಗೆಗೆ ಅಪ್ಪ ಧಾರವಾಡದಿಂದ ದುಡ್ಡು ಕಳಿಸುತ್ತಿದ್ದರು. ಪ್ರತಿ ತಿಂಗಳು ಅವರಿಗೆ ಫೋನ್ ಮಾಡುವಾಗ ಗಂಟಲು ಕಟ್ಟುತ್ತಿತ್ತು. ನನ್ನ ಜೊತೆ ಸೇರಿದ್ದ ಗೆಳತಿಗೆ ಹಾಗೆ ಕಳಿಸುವವರು ಇರಲಿಲ್ಲ. ನಾಲ್ಕನೇ ತಿಂಗಳಿಗೆ ಅವಳು ಕಪ್ಪು ಕೋಟು ಮಡಿಚಿಟ್ಟು ಊರಿಗೆ ಹೋದಳು. ಡ್ರಾಫ್ಟಿಂಗ್‌ನಲ್ಲಿ ಅವಳು ನನಗಿಂತ ಒಳ್ಳೆಯವಳಿದ್ದಳು. "ನಾವೂ ಹಾಗೇ ಬಂದಿದ್ದೇವೆ" ಎನ್ನುವ ಸೀನಿಯರ್‌ಗಳಿಗೆ ನಾನು ಕೇಳುವುದು ಇಷ್ಟೇ: ನಮ್ಮ ಜೊತೆ ಬಂದು ಅರ್ಧದಲ್ಲೇ ಹೋದವರು ಎಷ್ಟು ಜನ, ಎಣಿಸಿದ್ದೀರಾ?

ಇನ್ನೊಂದು ವಿಷಯ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಕರ್ನಾಟಕ ಸರ್ಕಾರದ ತರಬೇತಿ ಭತ್ಯೆಯ ಯೋಜನೆಗಳಿವೆ. ಅರ್ಜಿಯ ಪ್ರಕಟಣೆ ಜಿಲ್ಲಾ ಕಚೇರಿಗಳಿಂದ ಬರುತ್ತದೆ, ಮೊತ್ತ ಮತ್ತು ಅವಧಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಸರ್ಕಾರ ಭತ್ಯೆ ಕೊಡುತ್ತದೆಂದು ಸೀನಿಯರ್ ತಮ್ಮ ಪಾಲು ನಿಲ್ಲಿಸಬಾರದು.

ಸನ್ನದು ಪಡೆಯಲು ಎಷ್ಟು ಖರ್ಚಾಗುತ್ತದೆ?

ವಕೀಲರ ಕಾಯ್ದೆಯ 24ನೇ ಕಲಮಿನಲ್ಲಿರುವ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ ₹750, ಪರಿಶಿಷ್ಟ ಜಾತಿ, ಪಂಗಡದವರಿಗೆ ₹125. ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ. ಸ್ಟಾಂಪ್ ಶುಲ್ಕ ಬೇರೆ. ವಕೀಲಿಕೆ ಮುಂದುವರಿಸಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯ ಶುಲ್ಕವೂ ಬೇರೆ.

ಫರ್ಮ್‌ನ ಆಫರ್ ಲೆಟರ್‌ನಲ್ಲಿ ಏನೇನು ನೋಡಬೇಕು?

ಸನ್ನದು ಇರುವ ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮ. ಅದಕ್ಕಾಗಿ ಫರ್ಮ್‌ಗಳು ಹೆಚ್ಚಾಗಿ ರಿಟೇನರ್ ಪದ್ಧತಿಯಲ್ಲಿ, ಅಂದರೆ ನೌಕರರಾಗಿ ಅಲ್ಲದೆ ಶುಲ್ಕದ ಒಪ್ಪಂದದ ಮೇಲೆ ತೆಗೆದುಕೊಳ್ಳುತ್ತವೆ. ಬರುವುದು ವೃತ್ತಿಪರ ಶುಲ್ಕ, ಅದರಲ್ಲಿ ಶೇ 10 ಟಿಡಿಎಸ್ (ಕೊಡುವ ಮೊದಲೇ ಹಿಡಿಯುವ ಆದಾಯ ತೆರಿಗೆ) ಕಡಿತ. ಸಾಮಾನ್ಯವಾಗಿ ಪಿಎಫ್ ಇರುವುದಿಲ್ಲ. ಆದ್ದರಿಂದ "ವರ್ಷಕ್ಕೆ ಇಷ್ಟು ಲಕ್ಷ" ಎಂಬ ಒಟ್ಟು ಮೊತ್ತ ನೋಡಿ ಮರುಳಾಗಬೇಡಿ. ತಿಂಗಳಿಗೆ ಕೈಗೆ ಎಷ್ಟು, ಬೋನಸ್ ಅದರಲ್ಲಿ ಸೇರಿದೆಯೇ, ಬೋನಸ್ ಯಾರ ಇಚ್ಛೆಗೆ ಬಿಟ್ಟಿದ್ದು, ರಜೆ ಎಷ್ಟು, ಹೆರಿಗೆ ರಜೆ ಇದೆಯೇ, ಆರೋಗ್ಯ ವಿಮೆ ಇದೆಯೇ, ನೋಟಿಸ್ ಅವಧಿ ಎರಡೂ ಕಡೆಗೆ ಒಂದೇ ಇದೆಯೇ ಎಂದು ಬರೆದೇ ಕೇಳಿ. ಕಂಪನಿಯ ಲೀಗಲ್ ವಿಭಾಗಕ್ಕೆ ನೌಕರರಾಗಿ ಹೋಗುವವರು ಸನ್ನದನ್ನು ಅಮಾನತಿನಲ್ಲಿಡಬೇಕಾಗುತ್ತದೆ, ಅದನ್ನು ಕಂಪನಿಯವರೇ ಮೊದಲು ತಿಳಿಸಬೇಕು.

ಎರಡು ವರ್ಷ ಬಿಡುವಂತಿಲ್ಲ ಎಂದು ಬಾಂಡ್ ಕೇಳುತ್ತಿದ್ದಾರೆ, ಮೂಲ ಅಂಕಪಟ್ಟಿಯನ್ನೂ ಕೇಳುತ್ತಿದ್ದಾರೆ.

ಮೂಲ ಅಂಕಪಟ್ಟಿಯನ್ನು ತೋರಿಸಿ, ಕೊಡಬೇಡಿ. ನಕಲು ಸಾಕು.

ಬಾಂಡ್ ವಿಚಾರ ಸ್ವಲ್ಪ ಸೂಕ್ಷ್ಮ. ಬಾಂಡ್ ಎಂದರೆ ಕಾನೂನುಬಾಹಿರವೇ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ನಮ್ಮದೇ ಹೈಕೋರ್ಟಿನಿಂದ ಹೋದ ವಿಜಯ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲು ಬಿಟ್ಟರೆ ₹2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ 14ರಂದು ಎತ್ತಿಹಿಡಿಯಿತು. ಆದರೆ ಅದು ಬಹಿರಂಗ ನೇಮಕಾತಿಗೆ ಖರ್ಚು ಮಾಡುವ ಸಾರ್ವಜನಿಕ ವಲಯದ ಬ್ಯಾಂಕು, ಕಟ್ಟಿದವರು ಹಿರಿಯ ಹುದ್ದೆಯ ಅಧಿಕಾರಿ. ತಿಂಗಳಿಗೆ ಎಂಟು ಸಾವಿರ ಕೊಡುವ ಚೇಂಬರ್, ಏನೂ ತರಬೇತಿ ಕೊಡದೆ, ಐದು ಲಕ್ಷದ ಬಾಂಡ್ ಬರೆಸಿಕೊಂಡರೆ ಅದೇ ತೀರ್ಪು ಅವರ ಕೈ ಹಿಡಿಯುತ್ತದೆಂದು ನನಗನಿಸುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಕೊಡಿಸುವುದು ಸಮಂಜಸ ಪರಿಹಾರವನ್ನು, ಬರೆದ ಮೊತ್ತವನ್ನು ಕಣ್ಣುಮುಚ್ಚಿ ಅಲ್ಲ. ಬಿಟ್ಟ ಮೇಲೂ ಇಂಥ ಕಡೆ ಪ್ರಾಕ್ಟೀಸ್ ಮಾಡಬಾರದು ಎಂಬ ಷರತ್ತಿಗೆ 27ನೇ ಕಲಂ ಅಡ್ಡ ಬರುತ್ತದೆ.

ಸೀನಿಯರ್ ಅನುಭವ ಪ್ರಮಾಣಪತ್ರ ಕೊಡುತ್ತಿಲ್ಲ. ಈಗ ಅದು ಅಷ್ಟು ಮುಖ್ಯವೇ?

ಬಹಳ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ತೀರ್ಪು ಕೊಟ್ಟಿತು. ಅವಧಿಯ ಎಣಿಕೆ ತಾತ್ಕಾಲಿಕ ನೋಂದಣಿಯಿಂದ (ಅಖಿಲ ಭಾರತ ಪರೀಕ್ಷೆಗೆ ಮೊದಲು ಆಗುವ ನೋಂದಣಿಯಿಂದ) ಶುರು, ಲಾ ಕ್ಲರ್ಕ್ ಆಗಿ ದುಡಿದದ್ದೂ ಸೇರುತ್ತದೆ. ಅನುಭವಕ್ಕೆ ಆ ನ್ಯಾಯಾಲಯದ ಪ್ರಧಾನ ನ್ಯಾಯಿಕ ಅಧಿಕಾರಿಯ ಪ್ರಮಾಣಪತ್ರ, ಇಲ್ಲವೇ ಕನಿಷ್ಠ 10 ವರ್ಷ ಅನುಭವವಿರುವ ವಕೀಲರು ಕೊಟ್ಟು ಆ ಅಧಿಕಾರಿ ದೃಢೀಕರಿಸಿದ ಪತ್ರ ಬೇಕು.

ಅಂದರೆ ಸೀನಿಯರ್ ಸಹಿಗೆ ಈಗ ಹಿಂದೆಂದಿಗಿಂತ ತೂಕ ಜಾಸ್ತಿ. "ಬಿಟ್ಟು ಹೋದರೆ ಸರ್ಟಿಫಿಕೇಟ್ ಕೊಡಲ್ಲ" ಎಂಬ ಮಾತು ಕೇಳತೊಡಗಿದೆ. ಇದು ನನಗೆ ತೀರಾ ಆತಂಕದ ಸಂಗತಿ. ಕೆಲಸ ಮಾಡಿದ್ದು ಸತ್ಯವಾಗಿದ್ದರೆ ಅದನ್ನು ಬರೆದುಕೊಡುವುದು ಕೃಪೆಯಲ್ಲ, ಋಣ. ಜೂನಿಯರ್‌ಗಳು ಮೊದಲ ದಿನದಿಂದಲೇ ಒಂದು ಡೈರಿ ಇಡಲಿ: ತಾರೀಖು, ಕೋರ್ಟ್ ಹಾಲ್, ಕೇಸ್ ನಂಬರ್, ಏನು ನಡೆಯಿತು. ವಕಾಲತ್‌ನಾಮೆಯಲ್ಲಿ ನಿಮ್ಮ ಹೆಸರೂ ನೋಂದಣಿ ಸಂಖ್ಯೆಯೂ ಇರಲಿ. ಆರ್ಡರ್ ಶೀಟ್‌ನಲ್ಲಿ ನಿಮ್ಮ ಹಾಜರಿ ದಾಖಲಾದ ದಿನಗಳನ್ನು ಗುರುತು ಹಾಕಿಕೊಳ್ಳಿ. ಹಾಜರಿ ದಾಖಲೆಯಲ್ಲೇ ಇದ್ದರೆ ಪ್ರಮಾಣಪತ್ರಕ್ಕೆ ಒಬ್ಬರನ್ನೇ ನಂಬಿ ಕೂರಬೇಕಾಗುವುದಿಲ್ಲ.

ಲೈಂಗಿಕ ಕಿರುಕುಳವಾದರೆ ಇಂಟರ್ನ್ ದೂರು ಕೊಡಬಹುದೇ?

ಕೊಡಬಹುದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಉದ್ಯೋಗಿ ಎಂದರೆ ತರಬೇತಿಯಲ್ಲಿರುವವರೂ ಸೇರುತ್ತಾರೆ, ಸಂಬಳ ಇರಲಿ ಬಿಡಲಿ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನರಿರುವ ಕಡೆಯ ದೂರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿದೆ. ಘಟನೆಯಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಮೆಸೇಜುಗಳನ್ನು ಅಳಿಸಬೇಡಿ. ಕಾಲೇಜಿನ ಪ್ಲೇಸ್‌ಮೆಂಟ್ ಉಸ್ತುವಾರಿಯವರಿಗೊಂದು ಮಾತು: ದೂರು ಬಂದ ಆಫೀಸಿಗೆ ಮುಂದಿನ ಬ್ಯಾಚಿನ ಹುಡುಗಿಯರನ್ನು ಕಳಿಸುತ್ತ ಹೋದರೆ ಆ ತಪ್ಪಿನಲ್ಲಿ ಕಾಲೇಜೂ ಪಾಲುದಾರ.

ನನ್ನದು ತಾಲ್ಲೂಕು ಕೋರ್ಟಿನ ಸಣ್ಣ ಆಫೀಸು. ₹15,000 ಕೊಡುವ ಶಕ್ತಿ ನನಗಿಲ್ಲ. ಜೂನಿಯರ್ ಇಟ್ಟುಕೊಳ್ಳಲೇಬಾರದೇ?

ಇಟ್ಟುಕೊಳ್ಳಿ. ಕೊಡಲಾಗುವುದನ್ನು ಪ್ರಾಮಾಣಿಕವಾಗಿ ಹೇಳಿ, ಉಳಿದದ್ದನ್ನು ಬೇರೆ ರೀತಿಯಲ್ಲಿ ತುಂಬಿಕೊಡಿ. ಐದು ದಿನ ಬರಲಿ, ಎರಡು ದಿನ ಸ್ವಂತ ಕೇಸು ನೋಡಿಕೊಳ್ಳಲಿ. ಅವರೇ ತಂದ ಕಕ್ಷಿದಾರರ ಫೀಸಿನಲ್ಲಿ ನೀವು ಪಾಲು ಕೇಳಬೇಡಿ. ಕ್ರಾಸ್ (ಪಾಟೀಸವಾಲು) ಮಾಡುವ ದಿನ ಹಿಂದೆ ಕೂರಿಸದೆ ಒಬ್ಬ ಸಾಕ್ಷಿಯನ್ನಾದರೂ ಅವರ ಕೈಗೆ ಬಿಡಿ.

ನಾನು ಹೊಸ ಜೂನಿಯರ್‌ಗೆ ಮೊದಲ ದಿನ ಒಂದು ಹಾಳೆ ಕೊಡುತ್ತೇನೆ, ಕನ್ನಡದಲ್ಲಿ, ಇಬ್ಬರ ಸಹಿಯೊಂದಿಗೆ. ಬೇಕಿದ್ದವರು ಹಾಗೇ ಬಳಸಿಕೊಳ್ಳಿ. "ತಿಂಗಳಿಗೆ ಇಷ್ಟು ರೂಪಾಯಿ, ಮುಂದಿನ ತಿಂಗಳ ಐದನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ. ಓಡಾಟದ ಖರ್ಚು ಬೇರೆ. ಆಫೀಸು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳು. ಎರಡನೇ ಶನಿವಾರ ಮತ್ತು ಭಾನುವಾರ ರಜೆ, ತುರ್ತು ಕೆಲಸವಿದ್ದರೆ ಹಿಂದಿನ ದಿನ ತಿಳಿಸಲಾಗುವುದು. ಮೂರು ತಿಂಗಳಿಗೊಮ್ಮೆ ಕೂತು ಕೆಲಸದ ಬಗ್ಗೆ ಮಾತಾಡುವುದು. ಬಿಡಬೇಕೆನಿಸಿದರೆ ಇಬ್ಬರಲ್ಲಿ ಯಾರೇ ಆಗಲಿ ಒಂದು ತಿಂಗಳು ಮೊದಲು ಹೇಳುವುದು. ಬಿಟ್ಟ ದಿನವೇ ಅನುಭವದ ಪತ್ರ."